ಆಸ್ಟ್ರೇಲಿಯದ ಮೂಲನಿವಾಸಿ ಕ್ರೀಡಾಪಟುಗಳು ಮತ್ತು ವರ್ಣಭೇದ: ಊರಿನ ಕ್ರೀಡಾಸಂಘಗಳ ನೆಲೆಯಲ್ಲಿ ಒಂದು ವಿವೇಚನೆ

ಆಟದ ಬಯಲಿನಲ್ಲಿ ಕುಲಗೋತ್ರಗಳಿಗೆ ಎಡೆಯಿಲ್ಲ, ಅಲ್ಲಿ ಓಡಬಲ್ಲವನೇ ಮುಂದು, ಗೆಲ್ಲಬಲ್ಲವನೇ ಹಿರಿಯ ಎಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಬೇರೂರಿದೆ. ಆಸ್ಟ್ರೇಲಿಯದಲ್ಲಿ ಈ ನಂಬಿಕೆ ರಾಷ್ಟ್ರೀಯ ಅಭಿಮಾನದ ಒಂದು ಅಂಗವೇ ಆಗಿದೆಯೆನ್ನಬಹುದು. ಆ ಖಂಡದಲ್ಲಿ ಸಹಸ್ರಾರು ವರ್ಷಗಳಿಂದ ನೆಲಸಿರುವ ಮೂಲನಿವಾಸಿಗಳೂ ಟಾರಸ್ ಜಲಸಂಧಿಯ ದ್ವೀಪವಾಸಿಗಳೂ 2021ರ ಜನಗಣತಿಯಲ್ಲಿ ಶೇಕಡ 3.2ರಷ್ಟಿದ್ದರು. ಆದರೆ ಆ ದೇಶದ ಅತ್ಯಂತ ಜನಪ್ರಿಯ ಆಟವಾದ ಆಸ್ಟ್ರೇಲಿಯನ್ ಫುಟ್‌ಬಾಲಿನ ಉನ್ನತ ಶ್ರೇಣಿಯಲ್ಲಿ 2010ರ ದಶಕದಲ್ಲಿ ಹತ್ತು ಮಂದಿಗೆ ಸುಮಾರು ಒಬ್ಬ ಆಟಗಾರನು ಈ ಜನವರ್ಗಕ್ಕೆ ಸೇರಿದವನಾಗಿದ್ದನು. ಈ ಲೆಕ್ಕವನ್ನು ಮುಂದಿಟ್ಟು, ಕ್ರೀಡೆಯಲ್ಲಿ ವರ್ಣಭೇದವು ಅಳಿದುಹೋಯಿತೆಂದು ವಾದಿಸುವವರುಂಟು. ಈ ವಾದದಲ್ಲಿ ಒಂದು ದೋಷವಿದೆ. ಉನ್ನತ ಶ್ರೇಣಿಯನ್ನು ಮುಟ್ಟಿದವರನ್ನು ಮಾತ್ರ ಅದು ಎಣಿಸುತ್ತದೆ. ಊರಿನ ಬಯಲಿನಿಂದಲೇ ಹಿಂದಿರುಗಿ ಹೋದವರನ್ನು ಎಣಿಸುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಎರಡನೆಯವರ ಕಡೆಯಿಂದ, ಎಂದರೆ ಊರಿನ ಸಂಘ, ಊರಿನ ಈಜುಕೊಳ, ಭಾನುವಾರದ ಪಂದ್ಯ ಇವುಗಳ ಕಡೆಯಿಂದ ವಿಷಯವನ್ನು ನೋಡಲು ಯತ್ನಿಸಿದೆ. ಪ್ರಸಿದ್ಧರ ಹೆಸರುಗಳೂ ಬರುತ್ತವೆ. ಏಕೆಂದರೆ ದಾಖಲೆಯಲ್ಲಿ ಉಳಿದಿರುವವರು ಅವರೇ.

ಇತಿಹಾಸದ ಆರಂಭವು ಸ್ವಲ್ಪ ಅಚ್ಚರಿ ಹುಟ್ಟಿಸುವಂಥದು. ಇಂಗ್ಲೆಂಡಿನಲ್ಲಿ ಪ್ರವಾಸ ಕೈಗೊಂಡ ಮೊತ್ತಮೊದಲ ಆಸ್ಟ್ರೇಲಿಯನ್ ಕ್ರಿಕೆಟ್ ತಂಡವು ಮೂಲನಿವಾಸಿಗಳ ತಂಡ. ವಿಕ್ಟೋರಿಯ ಪ್ರಾಂತದ ಪಶ್ಚಿಮ ಭಾಗದ ಕುರಿಸಾಕಣೆಯ ಹಿಡುವಳಿಗಳಲ್ಲಿ ದುಡಿಯುತ್ತಿದ್ದ ಯುವಕರು ಅಲ್ಲಿಯ ಬಿಳಿಯರೊಡನೆ ಆಡುತ್ತ ಆಟವನ್ನು ಕಲಿತರು. 1866ರ ಡಿಸೆಂಬರ್ 26ರಂದು ಮೆಲ್ಬರ್ನ್ ಮೈದಾನದಲ್ಲಿ ಅವರ ಪಂದ್ಯ ನಡೆಯಿತು. ಅವರಿಗೆ ಶಿಕ್ಷಣವಿತ್ತವನು ಟಾಮ್ ವಿಲ್ಸ್. ಐದು ವರ್ಷಗಳ ಹಿಂದೆ ಅವನ ತಂದೆಯು ಕ್ವೀನ್ಸ್‌ಲೆಂಡಿನಲ್ಲಿ ಮೂಲನಿವಾಸಿಗಳ ಕೈಯಿಂದಲೇ ಹತನಾಗಿದ್ದನೆಂಬುದನ್ನು ನೆನೆದರೆ ಆ ಕಾಲದ ಸಂಬಂಧಗಳು ಎಷ್ಟು ಜಟಿಲವಾಗಿದ್ದುವೆಂಬುದು ಗೊತ್ತಾಗುತ್ತದೆ. 1868ರಲ್ಲಿ ಚಾರ್ಲ್ಸ್ ಲಾರೆನ್ಸನ ನಾಯಕತ್ವದಲ್ಲಿ ಈ ತಂಡ ಇಂಗ್ಲೆಂಡಿಗೆ ಹೋಗಿ 47 ಪಂದ್ಯಗಳನ್ನಾಡಿ, 14ರಲ್ಲಿ ಗೆದ್ದು, 14ರಲ್ಲಿ ಸೋತು, ಉಳಿದ 19ನ್ನು ಸಮವಾಗಿ ಮುಗಿಸಿತು. ಜಾನಿ ಮುಲ್ಲಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಉನಾರ್ರಿಮಿನ್ ಆ ಪ್ರವಾಸದಲ್ಲಿ 1698 ಓಟಗಳನ್ನು ಗಳಿಸಿ 245 ವಿಕೆಟ್‌ಗಳನ್ನು ಪಡೆದನು. ಆಟ ಮುಗಿದಮೇಲೆ ಇದೇ ಆಟಗಾರರು ಪ್ರೇಕ್ಷಕರ ವಿನೋದಕ್ಕಾಗಿ ಬೂಮರ‍್ಯಾಂಗನ್ನೂ ಈಟಿಯನ್ನೂ ಎಸೆದು ತೋರಿಸಬೇಕಾಗಿತ್ತು. ಕಿಂಗ್ ಕೋಲ್ ಎಂದು ಕರೆಯಲ್ಪಡುತ್ತಿದ್ದ ಆಟಗಾರನು ಜೂನ್ ತಿಂಗಳಿನಲ್ಲಿ ಲಂಡನ್ನಿನಲ್ಲಿ ಕಾಯಿಲೆಯಿಂದ ತೀರಿಕೊಂಡನು.

ಮರುವರ್ಷವೇ, ಎಂದರೆ 1869ರಲ್ಲಿ, ವಿಕ್ಟೋರಿಯ ಸರ್ಕಾರವು ಮೂಲನಿವಾಸಿಗಳ 'ರಕ್ಷಣೆ'ಗೆಂದು ಒಂದು ಶಾಸನವನ್ನು ಮಾಡಿತು. ಅವರು ಎಲ್ಲಿ ವಾಸಿಸಬೇಕು, ಯಾರ ಬಳಿ ದುಡಿಯಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಅಧಿಕಾರಿಗಳ ಕೈಸೇರಿತು. ಇಂಗ್ಲೆಂಡನ್ನು ಸುತ್ತಿ ಬಂದವರಿಗೆ ಇನ್ನು ನೆರೆಯೂರಿಗೆ ಹೋಗಿ ಆಡುವುದೂ ತಮ್ಮ ಇಚ್ಛೆಯ ಮಾತಾಗಿ ಉಳಿಯಲಿಲ್ಲ. ಮುಲ್ಲಾ 1879ರಲ್ಲಿ ವಿಕ್ಟೋರಿಯದ ಪರವಾಗಿ ಒಂದು ಪಂದ್ಯವನ್ನಾಡಿದನು. ಬಹುಕಾಲ ಹ್ಯಾರೊ ಎಂಬ ಊರಿನ ಸಂಘದಲ್ಲಿ ಆಡಿಕೊಂಡಿದ್ದು 1891ರಲ್ಲಿ ಮೃತನಾದನು. ಅವನ ಹೆಸರಿನ ಪದಕವನ್ನು ಡಿಸೆಂಬರಿನ ಮೆಲ್ಬರ್ನ್ ಟೆಸ್ಟಿನ ಶ್ರೇಷ್ಠ ಆಟಗಾರನಿಗೆ ಕೊಡುವ ಪದ್ಧತಿ ಆರಂಭವಾದುದು 2020ರಲ್ಲಿ. ಅದನ್ನು ಮೊದಲು ಧರಿಸಿದವನು ನಮ್ಮ ಅಜಿಂಕ್ಯ ರಹಾನೆ. ಆ ದಿನ ದೂರದರ್ಶನದ ಮುಂದೆ ಕುಳಿತಿದ್ದ ಭಾರತೀಯರಲ್ಲಿ ಆ ಪದಕದ ಮೇಲಿನ ಹೆಸರು ಯಾರದೆಂದು ವಿಚಾರಿಸಿದವರು ವಿರಳವೆಂದು ತೋರುತ್ತದೆ.

ಮೂಲನಿವಾಸಿಗಳನ್ನು ಕ್ರೀಡೆಯಿಂದ ಹೊರಗಿಡುವುದಕ್ಕೆ 'ನಿನ್ನ ಬಣ್ಣದ ಕಾರಣದಿಂದ ನಿನಗೆ ಪ್ರವೇಶವಿಲ್ಲ' ಎಂದು ನೇರವಾಗಿ ಹೇಳಿದ ಪ್ರಸಂಗಗಳು ಇಲ್ಲದಿಲ್ಲ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ನಡೆದ ಕ್ರಮವೇ ಬೇರೆ. ಬಣ್ಣದ ಪ್ರಸ್ತಾಪವಿಲ್ಲದ ಒಂದು ನಿಯಮವು ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಒಬ್ಬ ಮನುಷ್ಯನ ಮೇಲೆ ಮಾತ್ರ ಕಟ್ಟುನಿಟ್ಟಾಗಿ ಪ್ರಯೋಗಿಸಲಾಗುತ್ತದೆ. 1903ರಲ್ಲಿ ಕ್ವೀನ್ಸ್‌ಲೆಂಡಿನ ಹವ್ಯಾಸಿ ಓಟಗಾರರ ಸಂಸ್ಥೆಯು ಮೂಲನಿವಾಸಿಗಳೆಲ್ಲರನ್ನೂ ಸ್ಪರ್ಧೆಗಳಿಂದ ಹೊರಗಿಡಲು ಯತ್ನಿಸಿತು. ಅವರಿಗೆ ನೈತಿಕ ಸ್ಥೈರ್ಯವಿಲ್ಲವೆಂಬುದು ಒಂದು ಕಾರಣ, ಬುದ್ಧಿ ಸಾಲದೆಂಬುದು ಮತ್ತೊಂದು, ಬಿಳಿಯರ ದುಶ್ಚಟಗಳನ್ನು ಅವರು ತಡೆದುಕೊಳ್ಳಲಾರರೆಂಬುದು ಇನ್ನೊಂದು. ಈ ಕಾರಣಗಳನ್ನು ರಾಷ್ಟ್ರೀಯ ಸಂಸ್ಥೆ ಒಪ್ಪದಿದ್ದಾಗ, ಅವರೆಲ್ಲರೂ ಹಣಕ್ಕಾಗಿ ಓಡುವ ವೃತ್ತಿಗಾರರೇ ಎಂದು ಪರಿಗಣಿಸಿ ಹವ್ಯಾಸಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಕಾರಣ ಬದಲಾಗುತ್ತಹೋಯಿತು, ತೀರ್ಮಾನ ಮಾತ್ರ ಮೊದಲಿನದೇ.

ಎಡ್ಡಿ ಗಿಲ್ಬರ್ಟನ ಜೀವನವು ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. ಅವನು ಬೆಳೆದುದು ಕ್ವೀನ್ಸ್‌ಲೆಂಡಿನ ಬರಾಂಬಾ ಎಂಬ ಸರ್ಕಾರೀ ವಸತಿಯಲ್ಲಿ. ಇದಕ್ಕೆ ಮುಂದೆ ಶೆರ್ಬರ್ಗ್ ಎಂಬ ಹೆಸರು ಬಂದಿತು. ಅಲ್ಲಿಯ ಜನರನ್ನು ಆಳುತ್ತಿದ್ದುದು 1897ರ ಕಾಯಿದೆ. ಮೂಲನಿವಾಸಿಗಳ ರಕ್ಷಣೆಯನ್ನೂ ಅಫೀಮಿನ ಮಾರಾಟದ ನಿರ್ಬಂಧವನ್ನೂ ಒಂದೇ ಶಾಸನದಲ್ಲಿ ಕಟ್ಟಿದ್ದ ವಿಚಿತ್ರ ಕಾಯಿದೆ ಅದು. ವಸತಿಯನ್ನು ಬಿಟ್ಟು ಪಂದ್ಯಕ್ಕೆ ಹೋಗಬೇಕಾದರೆ ಗಿಲ್ಬರ್ಟನಿಗೆ ಅಧಿಕಾರಿಗಳ ಅಪ್ಪಣೆ ಬೇಕಾಗಿತ್ತು. 1931ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಅವನು ಡಾನ್ ಬ್ರಾಡ್‌ಮನ್ನನನ್ನು ಸೊನ್ನೆಗೆ ಔಟ್ ಮಾಡಿದನು. ಅಷ್ಟು ವೇಗದ ಬೌಲಿಂಗನ್ನು ತಾನು ಕಂಡಿರಲಿಲ್ಲವೆಂದು ಬ್ರಾಡ್‌ಮನ್ನನೇ ಮುಂದೆ ಒಪ್ಪಿಕೊಂಡನು. ಮರುತಿಂಗಳೇ ಮೆಲ್ಬರ್ನಿನಲ್ಲಿ ಒಬ್ಬ ಅಂಪೈರನು ಗಿಲ್ಬರ್ಟನ ಚೆಂಡುಗಳನ್ನು ಎಸೆತವೆಂದು ಮತ್ತೆ ಮತ್ತೆ ನೋಬಾಲ್ ಎಂದು ಕೂಗಿದನು. ಅವನ ತೋಳಿನ ಚಲನೆ ನಿರ್ದುಷ್ಟವಾಗಿತ್ತೆಂದು ನಾನು ಇಲ್ಲಿ ವಾದಿಸಹೊರಟಿಲ್ಲ. ಆ ಪ್ರಶ್ನೆಯನ್ನು ಕ್ರಿಕೆಟ್ ಪಂಡಿತರಿಗೆ ಬಿಡಬಹುದು. ಗಮನಿಸತಕ್ಕುದೇನೆಂದರೆ, ಅವನ ತೋಳನ್ನು ಕುರಿತ ಸಂದೇಹವನ್ನು ಎದುರಿಸಲು ಬೇಕಾದ ಸ್ವಾತಂತ್ರ್ಯವಾಗಲಿ, ಬೇರೊಂದು ಊರಿಗೆ ಹೋಗಿ ಬೇರೊಂದು ಸಂಘವನ್ನು ಸೇರುವ ಹಕ್ಕಾಗಲಿ ಅವನಿಗೆ ಇರಲಿಲ್ಲ. 23 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 87 ವಿಕೆಟ್ ಪಡೆದ ಮೇಲೆ, 1936ರಲ್ಲಿ ಅವನನ್ನು ವಸತಿಗೆ ಹಿಂದಿರುಗಿಸಲಾಯಿತು. ಅವನಿಗೆ ಕೊಟ್ಟಿದ್ದ ಕ್ರಿಕೆಟ್ ಉಡುಪನ್ನು ಒಗೆಸಿ ವಾಪಸು ಕಳುಹಿಸಬೇಕೆಂದು ಕೇಳುವ ಪತ್ರವೊಂದು ಅವನ ಹಿಂದೆಯೇ ಹೋಯಿತು. ಬಹಳ ವರ್ಷಗಳನ್ನು ಮಾನಸಿಕ ಚಿಕಿತ್ಸಾಲಯದಲ್ಲಿ ಕಳೆದು ಅವನು 1978ರಲ್ಲಿ ತೀರಿಕೊಂಡನು.

ನಿಯಮಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಗೋಡೆಯಿದೆ. ಅದು ಬಟ್ಟೆ ಬದಲಿಸುವ ಕೋಣೆಯದು. ನ್ಯೂ ಸೌತ್ ವೇಲ್ಸಿನಲ್ಲಿ ಮರ‍್ರೆ ನದಿಯ ದಂಡೆಯ ಕಮರಗಂಜ ವಸತಿಯಲ್ಲಿ 1906ರಲ್ಲಿ ಜನಿಸಿದ ಡಗ್ ನಿಕೋಲ್ಸ್ 1927ರಲ್ಲಿ ಮೆಲ್ಬರ್ನಿನ ಕಾರ್ಲ್‌ಟನ್ ಸಂಘಕ್ಕೆ ಆಡಲು ಬಂದನು. ಅವನ ಮೈ ಮುಟ್ಟಿ ಅಂಗಮರ್ದನ ಮಾಡಲು ಅಲ್ಲಿಯವರು ಒಪ್ಪಲಿಲ್ಲ. ಅವನ ಮೈಯಿಂದ ವಾಸನೆ ಬರುತ್ತದೆಂದು ಸಹ ಆಟಗಾರರು ದೂರಿದರು. ಅವನು ಆ ಸಂಘವನ್ನು ಬಿಟ್ಟು, ಕೆಳ ಶ್ರೇಣಿಯ ನಾರ್ತ್‌ಕೋಟ್ ಸಂಘವನ್ನು ಸೇರಿದನು. ಸ್ಪರ್ಶದ ಈ ಭಯವನ್ನು ಭಾರತದ ವಾಚಕರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. 1932ರಲ್ಲಿ ಫಿಟ್ಸ್‌ರಾಯ್ ಸಂಘಕ್ಕೆ ಬಂದಾಗಲೂ ನಿಕೋಲ್ಸ್ ಹಳೆಯ ಅನುಭವದಿಂದ ಕೋಣೆಯ ಮೂಲೆಯಲ್ಲಿ ಒಬ್ಬನೇ ಬಟ್ಟೆ ಬದಲಿಸುತ್ತಿದ್ದನು. ಆಗ ಆ ತಂಡದ ಅತ್ಯಂತ ಪ್ರಸಿದ್ಧ ಆಟಗಾರನಾದ ಹೇಡನ್ ಬಂಟನ್ ತನ್ನ ಸಾಮಾನುಗಳನ್ನು ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತನು. ಉಳಿದವರ ವರ್ತನೆ ಅಂದಿನಿಂದ ಬದಲಾಯಿತು. ಒಂದು ಸಂಘದ ವಾತಾವರಣವನ್ನು ನಿರ್ಧರಿಸುವುದರಲ್ಲಿ ಹಿರಿಯ ಆಟಗಾರನೊಬ್ಬನು ಎಲ್ಲಿ ಕೂರುತ್ತಾನೆಂಬುದು ಲಿಖಿತ ನಿಯಮಗಳಿಗಿಂತ ಹೆಚ್ಚಿನ ಕೆಲಸ ಮಾಡಬಹುದು. ನಿಕೋಲ್ಸ್ ಮುಂದೆ ಪಾದ್ರಿಯಾಗಿ, 1972ರಲ್ಲಿ ನೈಟ್ ಪದವಿ ಪಡೆದು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಗವರ್ನರನಾದನು.

ಊರಿನ ಸಾರ್ವಜನಿಕ ಸ್ಥಳಗಳಲ್ಲಿ ಭೇದವು ಮುಚ್ಚುಮರೆಯಿಲ್ಲದೆ ನಡೆಯುತ್ತಿತ್ತು. ನ್ಯೂ ಸೌತ್ ವೇಲ್ಸಿನ ಮೋರಿ ಪಟ್ಟಣದಲ್ಲಿ ನಗರಸಭೆಯ ನಿರ್ಣಯದಂತೆ ಮೂಲನಿವಾಸಿಗಳಿಗೆ ಈಜುಕೊಳದಲ್ಲಿ ಪ್ರವೇಶವಿರಲಿಲ್ಲ. 1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬಸ್ಸಿನಲ್ಲಿ ಹೊರಟು ಊರೂರುಗಳ ಭೇದವನ್ನು ದೇಶದ ಮುಂದಿಟ್ಟಾಗ, ಮೋರಿಯ ಈಜುಕೊಳದ ಬಾಗಿಲು ಅವರ ಹೋರಾಟದ ಮುಖ್ಯ ರಂಗಗಳಲ್ಲಿ ಒಂದಾಯಿತು. ಈಜು ಕಲಿಯುವ ವಯಸ್ಸಿನಲ್ಲಿ ಕೊಳವೇ ಮುಚ್ಚಿದ್ದರೆ ಆ ಜನಾಂಗದಲ್ಲಿ ಈಜುಗಾರರು ಏಕಿಲ್ಲವೆಂದು ಕೇಳುವುದರಲ್ಲಿ ಅರ್ಥವಿಲ್ಲ.

ಆ ವಿದ್ಯಾರ್ಥಿಗಳ ಮುಂದಾಳಾದ ಚಾರ್ಲ್ಸ್ ಪರ್ಕಿನ್ಸ್ ಸ್ವತಃ ಫುಟ್‌ಬಾಲ್ ಆಟಗಾರ. ಅವನು ಆಡಿದುದು ಆಸ್ಟ್ರೇಲಿಯನ್ ಮಾದರಿಯನ್ನಲ್ಲ. ನಾವು ಫುಟ್‌ಬಾಲ್ ಎಂದು ಕರೆಯುವ ಆಟವನ್ನು. ಅಡಿಲೇಡಿನಲ್ಲಿ ಕ್ರೊಯೇಷಿಯದ ವಲಸೆಗಾರರು ಕಟ್ಟಿದ ಸಂಘದಲ್ಲಿಯೂ ಸಿಡ್ನಿಯಲ್ಲಿ ಗ್ರೀಕರು ಕಟ್ಟಿದ ಸಂಘದಲ್ಲಿಯೂ ಅವನಿಗೆ ಆದರವಿತ್ತು. ಅದೇ ಕಾಲದ ಜಾನ್ ಮೊರಿಯಾರ್ಟಿ 1960ರಲ್ಲಿ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದ ಮೊದಲ ಮೂಲನಿವಾಸಿ ಫುಟ್‌ಬಾಲ್ ಆಟಗಾರನು. ಅವನೂ ಪ್ರಾಂತದ ಗಡಿ ದಾಟಿ ಆಡಲು ಅಧಿಕಾರಿಯ ಅನುಮತಿ ಪಡೆಯಬೇಕಾಗಿತ್ತು. ನಿನ್ನೆ ಮೊನ್ನೆ ಹಡಗಿನಿಂದಿಳಿದ ಪರದೇಶಿಗಳ ಸಂಘದಲ್ಲಿ ದೊರೆತ ಸಲಿಗೆ, ತಲೆಮಾರುಗಳಿಂದ ನೆರೆಹೊರೆಯಲ್ಲಿದ್ದವರ ಸಂಘದಲ್ಲಿ ದೊರೆಯದೆ ಹೋದುದು ಚಿಂತನಾರ್ಹ. ಭಾಷೆಯ ಕಾರಣದಿಂದ ತಾವೂ ಹೀನಾಯಕ್ಕೆ ಗುರಿಯಾಗಿದ್ದ ವಲಸೆಗಾರರಿಗೆ ಹೊರಗೆ ನಿಂತವನ ಸ್ಥಿತಿ ತಿಳಿದಿತ್ತೆಂದು ಊಹಿಸಬಹುದು.

1975ರಲ್ಲಿ ಜನಾಂಗಭೇದವನ್ನು ನಿಷೇಧಿಸುವ ರಾಷ್ಟ್ರೀಯ ಕಾಯಿದೆ ಬಂದಿತು. ಆದರೂ ಆಟದ ನಡುವೆ ಆಡುವ ನಿಂದೆಯ ಮಾತು 'ಆಟದ ಒಂದು ಭಾಗ' ಎಂಬ ಭಾವನೆ ಇನ್ನೂ ಎರಡು ದಶಕಗಳ ಕಾಲ ಉಳಿಯಿತು. ಎದುರಾಳಿಯ ಏಕಾಗ್ರತೆಯನ್ನು ಕೆಡಿಸಲು ಅವನ ತಾಯಿಯನ್ನು ಬೈಯುವಂತೆಯೇ ಬಣ್ಣವನ್ನು ಬೈಯುವುದೂ ಒಂದು ತಂತ್ರವೆಂಬುದು ಇದರ ಸಮರ್ಥನೆ. 1993ರ ಏಪ್ರಿಲ್ 17ರಂದು ಮೆಲ್ಬರ್ನಿನ ವಿಕ್ಟೋರಿಯ ಪಾರ್ಕಿನಲ್ಲಿ ಪಂದ್ಯ ಗೆದ್ದ ಬಳಿಕ ನಿಕಿ ವಿನ್‌ಮಾರ್ ತನ್ನ ಅಂಗಿಯನ್ನೆತ್ತಿ, ದಿನವೆಲ್ಲ ಬೈದ ಪ್ರೇಕ್ಷಕರಿಗೆ ತನ್ನ ಕಪ್ಪು ಚರ್ಮವನ್ನು ಬೆರಳಿಟ್ಟು ತೋರಿಸಿದನು. ಆ ಛಾಯಾಚಿತ್ರವು ಪ್ರಸಿದ್ಧವಾಯಿತು. 1995ರಲ್ಲಿ ಮೈಕೇಲ್ ಲಾಂಗ್ ಎಂಬ ಆಟಗಾರನು ಎದುರು ತಂಡದವನೊಬ್ಬನ ಮಾತಿನ ಮೇಲೆ ಬಹಿರಂಗವಾಗಿ ದೂರಿತ್ತುದರಿಂದ, ಅದೇ ವರ್ಷ ಆ ಆಟದ ಆಡಳಿತ ಸಂಸ್ಥೆಯು ಜನಾಂಗನಿಂದೆಯನ್ನು ಶಿಕ್ಷಾರ್ಹವಾಗಿಸುವ ನಿಯಮವನ್ನು ಅಂಗೀಕರಿಸಿತು. ಈ ನಿಯಮದಂತೆ ದೂರು ಬಂದೊಡನೆ ಮೊದಲು ಉಭಯ ಪಕ್ಷಗಳನ್ನು ಗೋಪ್ಯವಾಗಿ ಕೂಡಿಸಿ ರಾಜಿಗೆ ಯತ್ನಿಸಬೇಕು. ಅದು ಫಲಿಸದಿದ್ದರೆ ವಿಚಾರಣಾಮಂಡಲಿಗೆ ಒಪ್ಪಿಸಬೇಕು. ಕ್ರಮೇಣ ಊರಿನ ಲೀಗುಗಳೂ ಇದೇ ಮಾದರಿಯನ್ನು ಅನುಸರಿಸಿದುವು.

ದೊಡ್ಡ ಮೈದಾನಕ್ಕೆಂದು ರಚಿಸಿದ ಈ ನಿಯಮ ಊರಿನ ಬಯಲಿಗೆ ಬಂದಾಗ ಏನಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ದೊಡ್ಡ ಮೈದಾನದಲ್ಲಿ ಹತ್ತಾರು ಕ್ಯಾಮೆರಾಗಳಿವೆ, ಸಂಬಳ ಪಡೆಯುವ ವಿಚಾರಣಾಧಿಕಾರಿಗಳಿದ್ದಾರೆ, ಪತ್ರಿಕೆಗಳ ಕಣ್ಣಿದೆ. ಊರಿನ ಪಂದ್ಯದಲ್ಲಿ ಇವಾವುವೂ ಇಲ್ಲ. ಅಂಪೈರನು ಬಿಡುವಿನ ದಿನ ಬಂದು ನಿಂತವನು; ಅನೇಕ ವೇಳೆ ಹದಿನೇಳು ಹದಿನೆಂಟು ವರ್ಷದ ಹುಡುಗ. ಅಷ್ಟು ವಿಶಾಲವಾದ ಬಯಲಿನ ಒಂದು ಮೂಲೆಯಲ್ಲಿ ಕಿವಿಯ ಬಳಿ ಆಡಿದ ಮಾತು ಅವನಿಗೆ ಕೇಳಿಸುವುದಿಲ್ಲ. ಕೇಳಿಸುವುದು ಪಕ್ಕದಲ್ಲಿದ್ದ ಇಬ್ಬರು ಮೂವರಿಗೆ. ಅವರಲ್ಲಿ ಎದುರು ತಂಡದವರು ಸಾಕ್ಷಿ ಹೇಳುವುದಿಲ್ಲ. ಆದರೆ ಆ ಮಾತಿಗೆ ಉತ್ತರವಾಗಿ ಬೀಸಿದ ಹೊಡೆತವು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೀಗಾಗಿ ವರದಿಯ ಪುಸ್ತಕದಲ್ಲಿ ದಾಖಲಾಗುವುದು ಮೂಲನಿವಾಸಿ ಆಟಗಾರನ ಅಪರಾಧ ಮಾತ್ರ. ಅವನಿಗೆ ನಾಲ್ಕಾರು ಪಂದ್ಯಗಳ ನಿಷೇಧ. ಇಂಥ ಎರಡು ಮೂರು ದಾಖಲೆಗಳಾದರೆ, 'ಇವರು ಬೇಗ ಕೋಪಿಸಿಕೊಳ್ಳುವವರು, ಶಿಸ್ತಿಲ್ಲದವರು' ಎಂಬ ಹಳೆಯ ಮಾತಿಗೆ ಅಂಕಿ ಅಂಶಗಳ ಆಧಾರವೂ ದೊರೆತಂತಾಗುತ್ತದೆ.

ದೂರು ಕೊಟ್ಟರೂ ತೊಡಕು ತೀರುವುದಿಲ್ಲ. ಚಿಕ್ಕ ಊರಿನಲ್ಲಿ ವಿಚಾರಣೆಗೆ ಕೂರುವವರು ಯಾರು? ಲೀಗಿನ ಕಾರ್ಯದರ್ಶಿ ಒಬ್ಬ ಅಂಗಡಿಯ ಯಜಮಾನನಾಗಿರಬಹುದು, ಆಪಾದಿತನ ಸೋದರಮಾವನಾಗಿರಬಹುದು, ದೂರು ಕೊಟ್ಟವನಿಗೆ ಕೆಲಸ ಕೊಟ್ಟ ಧಣಿಯೇ ಆಗಿರಬಹುದು. ಗೋಪ್ಯತೆಯೆಂಬುದು ಮಹಾನಗರದಲ್ಲಿ ರಕ್ಷಣೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದು ತಪ್ಪಿತಸ್ಥನಿಗೆ ಮಾತ್ರ ಹೊದಿಕೆ. ರಾಜಿಯ ವಿಧಾನದಲ್ಲಿಯೂ ಒಂದು ಅಸಮತೆಯಿದೆ. ಅದು ಉಭಯ ಪಕ್ಷಗಳಿಗೂ ಸಮಾನ ಬಲವಿದೆಯೆಂದು ಮೊದಲೇ ಭಾವಿಸಿಕೊಳ್ಳುತ್ತದೆ. ಹದಿನಾರು ವರ್ಷದ ಹುಡುಗನು ತನ್ನನ್ನು ಬೈದವನ ಎದುರಿಗೆ ಕುಳಿತು, ಆ ಮಾತನ್ನು ತನ್ನ ಬಾಯಿಂದಲೇ ಪುನಃ ಉಚ್ಚರಿಸಿ, ಬಳಿಕ ಕೈಕುಲುಕಬೇಕು. ಎಷ್ಟೋ ಮಂದಿ ಇದಕ್ಕಿಂತ ಆಟವನ್ನು ಬಿಡುವುದೇ ಸುಲಭವೆಂದು ಭಾವಿಸುತ್ತಾರೆ, ಮತ್ತು ಹಾಗೆ ಬಿಟ್ಟವನ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲ. ದೂರುಗಳ ಸಂಖ್ಯೆ ಕಡಮೆಯಿರುವುದನ್ನು ಭೇದ ಕಡಮೆಯಾದುದರ ಗುರುತೆಂದು ಓದುವ ಸಂಶೋಧಕನು ಈ ಕಾರಣದಿಂದ ತಪ್ಪು ದಾರಿ ಹಿಡಿಯುತ್ತಾನೆ.

ನಿಂದೆಯಂತೆ ಹೊಗಳಿಕೆಯೂ ಭೇದದ ವಾಹಕವಾಗಬಲ್ಲುದು. ಮೂಲನಿವಾಸಿ ಆಟಗಾರನಿಗೆ 'ಹುಟ್ಟಾ ಪ್ರತಿಭೆ', 'ಮಾಂತ್ರಿಕ ಕೈಚಳಕ' ಎಂಬ ವಿಶೇಷಣಗಳನ್ನು ಧಾರಾಳವಾಗಿ ಕೊಡುತ್ತಾರೆ. ಇದರ ಇನ್ನೊಂದು ಮುಖವೆಂದರೆ, ಅವನ ಸಾಧನೆಯಲ್ಲಿ ಅಭ್ಯಾಸಕ್ಕೂ ಆಲೋಚನೆಗೂ ಪಾಲಿಲ್ಲವೆಂಬ ಸೂಚನೆ. ವೇಗವೊಂದೇ ಬೇಕಾದ ಅಂಚಿನ ಸ್ಥಾನಗಳಲ್ಲಿ ಅವರನ್ನು ಹೆಚ್ಚಾಗಿ ನಿಲ್ಲಿಸುವುದನ್ನೂ, ಆಟವನ್ನು ನಡೆಸುವ ನಡುವಣ ಸ್ಥಾನಗಳಲ್ಲಿ ಕಡಮೆಯಾಗಿ ನಿಲ್ಲಿಸುವುದನ್ನೂ ಸಂಶೋಧಕರು ರಗ್ಬಿಯಲ್ಲಿಯೂ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿಯೂ ಗುರುತಿಸಿದ್ದಾರೆ. ಇದರ ಪರಿಣಾಮ ಆಟ ಮುಗಿದ ಮೇಲೂ ಉಳಿಯುತ್ತದೆ; ತರಬೇತುದಾರರನ್ನು ಹುಡುಕುವಾಗ ಸಂಘಗಳು ನಡುವಣ ಸ್ಥಾನಗಳಲ್ಲಿ ಆಡಿದವರ ಕಡೆಗೆ ನೋಡುತ್ತವೆ. ಈ ವಿಷಯವನ್ನು ವ್ಯಾಸಂಗ ಮಾಡಬಯಸುವವರಿಗೆ ಕಾಲಿನ್ ಟಾಟ್ಸ್ ಅವರ 1995ರ 'ಅಬ್ಸ್ಟಕಲ್ ರೇಸ್' ಎಂಬ ಗ್ರಂಥ ಇಂದಿಗೂ ಆರಂಭದ ಮೆಟ್ಟಿಲು.

ಆಡಂ ಗೂಡ್ಸನ ಪ್ರಸಂಗವು ಪತ್ರಿಕೆಗಳ ಮೂಲಕ ಲೋಕವಿದಿತವಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. 2013ರ ಮೇ 24ರಂದು ಹದಿಮೂರು ವರ್ಷದ ಬಾಲಿಕೆಯೊಬ್ಬಳು ಪ್ರೇಕ್ಷಕರ ನಡುವಿನಿಂದ ಅವನನ್ನು ವಾನರನೆಂದು ಕರೆದಳು. ಅವಳನ್ನು ದೂಷಿಸಬಾರದು, ಅವಳಿಗೆ ತಿಳಿಯಹೇಳಬೇಕು ಎಂದು ಅವನು ಮರುದಿನ ಹೇಳಿದನು. 2014ರಲ್ಲಿ ವರ್ಷದ ಆಸ್ಟ್ರೇಲಿಯನ್ನನೆಂಬ ಗೌರವ ಪಡೆದ ಅದೇ ಆಟಗಾರನನ್ನು 2015ರಲ್ಲಿ ಮೈದಾನ ಮೈದಾನಗಳಲ್ಲಿ ಪ್ರೇಕ್ಷಕರು ಕೂಗಿ ಹೀಯಾಳಿಸಿದರು. ಆ ವರ್ಷದ ಕೊನೆಗೆ ಅವನು ನಿವೃತ್ತನಾದನು. ಆಡಳಿತ ಸಂಸ್ಥೆಯೂ ಹದಿನೆಂಟು ಸಂಘಗಳೂ ಕ್ಷಮೆ ಕೋರಿದುದು 2019ರಲ್ಲಿ. ಅದೇ ಪಶುವಿನ ಹೆಸರನ್ನು 2007ರ ಅಕ್ಟೋಬರಿನಲ್ಲಿ ವಡೋದರದಲ್ಲಿಯೂ ಮುಂಬಯಿಯಲ್ಲಿಯೂ ನಮ್ಮ ಪ್ರೇಕ್ಷಕರು ಆಂಡ್ರೂ ಸೈಮಂಡ್ಸನ ಮೇಲೆ ಎಸೆದಿದ್ದರೆಂಬುದನ್ನು ಮರೆತು ಈ ಪ್ರಕರಣವನ್ನು ಓದುವುದು ಪ್ರಾಮಾಣಿಕವಾಗಲಾರದು. ಸೈಮಂಡ್ಸ್ ಕೆರಿಬಿಯನ್ ಮೂಲದವನು, ಮೂಲನಿವಾಸಿಯಲ್ಲ. ಆದರೆ ಕೂಗಿದವರಿಗೆ ಆ ವ್ಯತ್ಯಾಸ ಬೇಕಾಗಿರಲಿಲ್ಲ.

ಇನ್ನು ಮೂಲನಿವಾಸಿಗಳು ತಾವೇ ಕಂಡುಕೊಂಡ ಮಾರ್ಗದ ವಿಚಾರ. ಸಿಡ್ನಿಯ ರೆಡ್‌ಫರ್ನ್ ಆಲ್ ಬ್ಲ್ಯಾಕ್ಸ್ ಎಂಬ ರಗ್ಬಿ ಸಂಘವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಹುಟ್ಟಿತು. ಆಯ್ಕೆಗಾರರು ತಮ್ಮ ಹುಡುಗರನ್ನು ಕಣ್ಣೆತ್ತಿ ನೋಡುವುದಿಲ್ಲವೆಂಬ ಬೇಸರದಿಂದ 1971ರಲ್ಲಿ ಏಳು ತಂಡಗಳು ಸಿಡ್ನಿಯ ಸೇಂಟ್ ಪೀಟರ್ಸಿನಲ್ಲಿ ಕೂಡಿ ಒಂದು ಪಂದ್ಯಾವಳಿಯನ್ನು ನಡೆಸಿದುವು. ಕೂರಿ ನಾಕ್‌ಔಟ್ ಎಂಬ ಆ ಪಂದ್ಯಾವಳಿಯಲ್ಲಿ ಇತ್ತೀಚೆಗೆ ನೂರಕ್ಕೂ ಮಿಕ್ಕ ತಂಡಗಳು ಸೇರುತ್ತವೆ. ಗೆದ್ದವರು ಮುಂದಿನ ವರ್ಷ ತಮ್ಮ ಊರಿನಲ್ಲಿ ಅದನ್ನು ನಡೆಸುವ ಹಕ್ಕನ್ನು ಪಡೆಯುತ್ತಾರೆ. ದೂರ ದೂರ ಚೆದರಿಹೋದ ಕುಟುಂಬಗಳು ವರ್ಷಕ್ಕೊಮ್ಮೆ ಕಲೆಯುವ ಜಾತ್ರೆಯೂ ಅದೇ.

ಡಗ್ ನಿಕೋಲ್ಸನ ಹುಟ್ಟೂರಾದ ಕಮರಗಂಜದ ಕಥೆ ಇನ್ನೂ ಬೋಧಪ್ರದವಾಗಿದೆ. 1939ರ ಫೆಬ್ರವರಿಯಲ್ಲಿ ಅಲ್ಲಿಯ ಆಡಳಿತದ ಕ್ರೌರ್ಯವನ್ನು ಪ್ರತಿಭಟಿಸಿ ಜನರು ವಸತಿಯನ್ನೇ ತೊರೆದು ನದಿ ದಾಟಿ ವಿಕ್ಟೋರಿಯಕ್ಕೆ ಹೋದರು. ಅನೇಕರು ಮೂರೂಪ್ನಾ ಮತ್ತು ಶೆಪರ್ಟನ್ ಪಟ್ಟಣಗಳ ನಡುವಣ ತಗ್ಗುಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. 1958ರಲ್ಲಿ ಸರ್ಕಾರವು ಅವರಿಗೆ ಕಟ್ಟಿಸಿಕೊಟ್ಟ ಕೇರಿಗೆ ರಂಬಲಾರ ಎಂದು ಹೆಸರು. ಯೋರ್ಟ ಯೋರ್ಟ ಭಾಷೆಯಲ್ಲಿ ಅದಕ್ಕೆ ಕಾಮನಬಿಲ್ಲಿನ ಕೊನೆಯೆಂದು ಅರ್ಥ. ಇದೇ ಹೆಸರಿನ ಫುಟ್‌ಬಾಲ್ ಮತ್ತು ನೆಟ್‌ಬಾಲ್ ಸಂಘವು ಆ ಪ್ರದೇಶದ ಲೀಗಿನಲ್ಲಿ ಪ್ರವೇಶಕ್ಕಾಗಿ ಬಹುಕಾಲ ಕಾದು, 1997ರಲ್ಲಿ ಅದನ್ನು ಪಡೆಯಿತು. ಗಂಡಸರ ಫುಟ್‌ಬಾಲಿನ ಜೊತೆಗೆ ಹೆಂಗಸರ ನೆಟ್‌ಬಾಲೂ ಒಂದೇ ಸಂಘದಲ್ಲಿರುವುದರಿಂದ ಶನಿವಾರದ ಪಂದ್ಯಕ್ಕೆ ಅಜ್ಜಿಯಿಂದ ಮೊಮ್ಮಗಳವರೆಗೆ ಇಡೀ ಮನೆ ಬರುತ್ತದೆ. ಆರೋಗ್ಯ, ಉದ್ಯೋಗ, ವಿದ್ಯಾಭ್ಯಾಸಗಳ ಕಾರ್ಯವನ್ನೂ ಸಂಘವು ಕೈಗೊಂಡಿದೆ.

ಇಂಥ ಸಂಘಗಳ ಮೇಲೆ ಪ್ರತ್ಯೇಕತೆಯ ಆಕ್ಷೇಪವಿದೆ. ಎಲ್ಲರೊಡನೆ ಬೆರೆಯದೆ ತಮ್ಮದೇ ಗುಂಪು ಕಟ್ಟುವುದೂ ಒಂದು ಬಗೆಯ ಭೇದವಲ್ಲವೆ ಎಂದು ಕೇಳುತ್ತಾರೆ. ಆದರೆ ರಂಬಲಾರವು ಬೇಡಿದುದು ಪ್ರತ್ಯೇಕವಾದ ಲೀಗನ್ನಲ್ಲ. ಉಳಿದ ಊರುಗಳೊಡನೆ ಅದೇ ಲೀಗಿನಲ್ಲಿ, ಅದೇ ನಿಯಮಗಳಿಗೆ ಒಳಪಟ್ಟು ಆಡುವ ಅವಕಾಶವನ್ನು. ಅದರಿಂದ ಬದಲಾಗುವುದು ಒಂದು ವಿಷಯ. ಬಿಳಿಯರ ಸಂಘದಲ್ಲಿ ಒಬ್ಬಂಟಿಯಾಗಿ ಆಡುವ ಹುಡುಗನಿಗೆ ನಿಂದೆಯ ಮಾತು ಕೇಳಿಸಿದಾಗ, ತನ್ನ ಪರವಾಗಿ ದೂರು ಬರೆಯಬಲ್ಲ ಕಾರ್ಯದರ್ಶಿ ಇದ್ದಾನೆಯೆ ಎಂದು ಅವನು ಮೊದಲು ಯೋಚಿಸಬೇಕಾಗುತ್ತದೆ. ರಂಬಲಾರದ ಹುಡುಗನಿಗೆ ಆ ಕಾರ್ಯದರ್ಶಿ ಅವನ ಚಿಕ್ಕಪ್ಪನೋ ದೊಡ್ಡಮ್ಮನೋ ಆಗಿರುತ್ತಾರೆ, ಮತ್ತು ಲೀಗಿನ ಸಭೆಯಲ್ಲಿ ಅವರಿಗೂ ಒಂದು ಕುರ್ಚಿಯಿರುತ್ತದೆ, ಒಂದು ಮತವಿರುತ್ತದೆ.